ಧನುಷ್ಕೋಡಿ: ರಸ್ತೆ ಬಂತು, ಕರೆಂಟ್ ಬರಲಿಲ್ಲ

ನಮ್ಮ ಕಡೆಯಿಂದ ಏರ್ವಾಡಿ, ನಾಗೂರು ಝಿಯಾರತ್‌ಗೆಂದು ಹೊರಡುವ ಗಾಡಿಗಳು ಈಗೀಗ ರಾಮೇಶ್ವರ ದಾಟಿ ಧನುಷ್ಕೋಡಿಯ ತನಕ ಹೋಗಿ ಬರುತ್ತವೆ. ಹೋಗಿ ಬಂದವರ ಮೊಬೈಲಿನಲ್ಲೆಲ್ಲ ಒಂದೇ ಫೋಟೋ. ಎರಡೂ ಬದಿಯಲ್ಲಿ ಕಡಲು, ನಡುವೆ ಗೆರೆ ಎಳೆದ ಹಾಗೆ ಕಪ್ಪು ಡಾಮರು ರಸ್ತೆ, ತುದಿಯಲ್ಲಿ ನಾಲ್ಕು ಸಿಂಹಗಳ ಅಶೋಕ ಸ್ತಂಭ. ಆ ಫೋಟೋದಲ್ಲಿ ಒಂದು ಮನೆಯೂ ಕಾಣುವುದಿಲ್ಲ. ಹಾಗಾಗಿ ಅಲ್ಲಿ ಜನವಾಸ ಇಲ್ಲ ಎಂದೇ ಹೆಚ್ಚಿನವರ ತಿಳುವಳಿಕೆ. ಯೂಟ್ಯೂಬಿನವರು 'ದೆವ್ವಗಳ ಊರು' ಎಂದು ಹೆಸರಿಟ್ಟು, ಹಿಂದಿನಿಂದ ಹೆದರಿಕೆಯ ಮ್ಯೂಸಿಕ್ ಬೇರೆ ಹಾಕಿ ಬಿಡುತ್ತಾರೆ.

ಜನ ಇದ್ದಾರೆ. ರಸ್ತೆಯಿಂದ ಇಳಿದು ಮರಳಿನಲ್ಲಿ ಸ್ವಲ್ಪ ನಡೆದರೆ ತಾಳೆಗರಿಯ ಗುಡಿಸಲುಗಳು, ಮಗುಚಿ ಹಾಕಿದ ದೋಣಿಗಳು, ಒಣಗಲು ಹರಡಿದ ಮೀನು, ಶಾಲೆ ಬಿಟ್ಟು ಬರುವ ಮಕ್ಕಳು ಎಲ್ಲ ಉಂಟು. ಕಂಬಿಪಾಡು ಮತ್ತು ಆಸುಪಾಸಿನ ಈ ಬಿಡಾರಗಳಲ್ಲಿ ಮೀನುಗಾರ ಕುಟುಂಬಗಳು ತಲೆಮಾರುಗಳಿಂದ ಬದುಕುತ್ತಿವೆ. ಈ ಬರಹ ಅವರ ಬಗ್ಗೆ. ಸಿಂಹದ ಕಂಬದ ಬಗ್ಗೆ ತಿಳಿಯಬೇಕಾದವರಿಗೆ ಬೇರೆ ಬರಹಗಳು ಬೇಕಾದಷ್ಟಿವೆ.

ಶವ್ವಾಲ್ ತಿಂಗಳ ಮದ್ರಸ ರಜೆಯಲ್ಲಿ ನಾವು ಐದು ಮಂದಿ ಹೊರಟಿದ್ದೆವು. ಮೂವರು ಮದ್ರಸ ಅಧ್ಯಾಪಕರು, ಒಬ್ಬ ಡ್ರೈವರ್, ಮತ್ತೆ ನಾವೆಲ್ಲ 'ಕಾಕ' ಎಂದು ಕರೆಯುವ ಉಳ್ಳಾಲದ ಒಬ್ಬ ಹಿರಿಯರು. ಕಾಕ ಹರೆಯವನ್ನೆಲ್ಲ ಮಂಗಳೂರು ದಕ್ಕೆಯ ಬೋಟುಗಳಲ್ಲಿ ಕಳೆದವರು. ಈಗ ಮೊಣಕಾಲು ನೋವು, ಮನೆಯ ಹತ್ತಿರ ಸಣ್ಣ ಅಂಗಡಿ. ದರ್ಸಿನಲ್ಲಿ ಓದಿದ ನಾವು ಮೂವರೂ ಕಡಲಿನ ವಿಷಯ ಬಂದಾಗ ಅವರ ಮುಂದೆ ಕೂತ ಮಕ್ಕಳೇ. ಭಾಷೆಯದ್ದು ದೊಡ್ಡ ತೊಂದರೆ ಆಗಲಿಲ್ಲ. ನಮ್ಮ ಬ್ಯಾರಿ ಮಾತು, ದರ್ಸಿನಲ್ಲಿ ಕಲಿತ ಮಲಯಾಳ, ಕಾಕನ ದಕ್ಕೆಯ ತಮಿಳು ಮೂರನ್ನೂ ಸೇರಿಸಿ ಮಾತಾಡಿದರೆ ಆಚೆಯವರಿಗೆ ಅರ್ಥವಾಗುತ್ತಿತ್ತು. ಮೀನ್ ಎಂದರೆ ಅವರಿಗೂ ಮೀನ್, ಕಡಲ್ ಎಂದರೆ ಅವರಿಗೂ ಕಡಲ್.

ರಾಮನಾಥಪುರದಿಂದ ರಾಮೇಶ್ವರಕ್ಕೆ ಹೋಗಬೇಕಾದರೆ ಪಾಂಬನ್ ಸೇತುವೆ ದಾಟಬೇಕು. ವಾಹನಗಳ ಸೇತುವೆ ಆದದ್ದು 1988ರಲ್ಲಿ. ಅದರ ಮೇಲೆ ನಿಂತು ಕೆಳಗೆ ನೋಡಿದರೆ ರೈಲಿನ ಎರಡು ಸೇತುವೆಗಳು ಅಕ್ಕಪಕ್ಕ ಕಾಣುತ್ತವೆ. ಹಳೆಯದು 1914ರದ್ದು, ಅದರ ಮೇಲೆ 2022ರ ಡಿಸೆಂಬರಿನಿಂದ ರೈಲು ಓಡುವುದಿಲ್ಲ. ಹೊಸದು 2025ರ ಎಪ್ರಿಲ್ 6ರಂದು ಉದ್ಘಾಟನೆಯಾಯಿತು. ಹಡಗು ಬಂದಾಗ ಹೊಸ ಸೇತುವೆಯ ನಡುವಿನ ತುಂಡು ಲಿಫ್ಟಿನ ಹಾಗೆ ನೇರ ಮೇಲಕ್ಕೆ ಏರುತ್ತದೆ. ಆ ಸೇತುವೆಯ ಮೇಲಿನ ಗಾಳಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ತಲೆಯ ಟೊಪ್ಪಿಯನ್ನು ಕೈಯಲ್ಲಿ ಹಿಡಿದುಕೊಳ್ಳದೆ ಅಲ್ಲಿ ನಿಲ್ಲಲು ಸಾಧ್ಯವೇ ಇಲ್ಲ.

ರಾಮೇಶ್ವರದಲ್ಲಿ ನಾವು ಹೆಚ್ಚು ಹೊತ್ತು ನಿಲ್ಲಲಿಲ್ಲ. ಮಸೀದಿ ಬೀದಿಯಲ್ಲಿ ಅಬ್ದುಲ್ ಕಲಾಂ ಅವರ ಮನೆ, ಪೇಯ್‌ಕರುಂಬು ಎಂಬಲ್ಲಿ ಅವರ ಸ್ಮಾರಕ, ಎರಡನ್ನೂ ನೋಡಿದೆವು. ಮಾಜಿ ರಾಷ್ಟ್ರಪತಿಗಳ ಮನೆ ಎಂದು ಶಾಲೆಯ ಮಕ್ಕಳಿಗೆ ನಾವು ಹೇಳಿಕೊಡುತ್ತೇವೆ. ಆದರೆ ಈ ದಾರಿಗೂ ಅವರ ಮನೆಗೂ ಇದ್ದ ಸಂಬಂಧ ಹೆಚ್ಚಿನವರು ಗಮನಿಸಿರಲಾರರು. ಅವರ ತಂದೆ ಜೈನುಲಾಬ್ದೀನರು ಮರದ ಹಾಯಿದೋಣಿ ಕಟ್ಟಿ, ರಾಮೇಶ್ವರದಿಂದ ಧನುಷ್ಕೋಡಿಗೆ ಹಿಂದೂ ಯಾತ್ರಿಕರನ್ನು ಕರೆದುಕೊಂಡು ಹೋಗಿ ಬರುತ್ತಿದ್ದವರು. ಒಂದು ಚಂಡಮಾರುತದಲ್ಲಿ ಆ ದೋಣಿ ಹೋಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ರಾಮೇಶ್ವರ ನಿಲ್ದಾಣದಲ್ಲಿ ರೈಲು ನಿಲ್ಲಿಸುವುದನ್ನು ಬಿಟ್ಟಾಗ, ಪತ್ರಿಕೆಯ ಕಟ್ಟುಗಳನ್ನು ಓಡುವ ರೈಲಿನಿಂದಲೇ ಧನುಷ್ಕೋಡಿ ದಾರಿಯಲ್ಲಿ ಎಸೆಯುತ್ತಿದ್ದರು. ಅದನ್ನು ಹಿಡಿಯಲು ಹೋಗಿ ತನ್ನ ಮೊದಲ ಸಂಪಾದನೆ ಮಾಡಿದ ಹುಡುಗ ಕಲಾಂ.

ಅಂದರೆ ಆಗ ಇಲ್ಲಿ ರೈಲು ಓಡುತ್ತಿತ್ತು. ರೈಲು ಮಾತ್ರ ಅಲ್ಲ, ಧನುಷ್ಕೋಡಿ ಒಂದು ಬಂದರು. ಮದ್ರಾಸಿನ ಎಗ್ಮೋರಿನಿಂದ ಹೊರಟ 'ಬೋಟ್ ಮೈಲ್' ರೈಲು ಇಲ್ಲಿಗೆ ಬಂದು ನಿಲ್ಲುತ್ತಿತ್ತು. ಇಳಿದವರು ಹಡಗು ಹತ್ತಿ ಸಿಲೋನಿನ ತಲೈಮನ್ನಾರ್‌ಗೆ ಹೋಗುತ್ತಿದ್ದರು. ಅಲ್ಲಿಂದ ಪುನಃ ರೈಲು, ಕೊಲಂಬೋ. ಮದ್ರಾಸಿನಲ್ಲಿ ತೆಗೆದ ಒಂದೇ ಟಿಕೆಟಿನಲ್ಲಿ ಕೊಲಂಬೋ ಮುಟ್ಟಬಹುದಿತ್ತು. ಬಂದರಿದ್ದ ಮೇಲೆ ಕಸ್ಟಮ್ಸ್ ಕಚೇರಿ, ಅಂಚೆ ಕಚೇರಿ, ಆಸ್ಪತ್ರೆ, ಶಾಲೆ, ಚರ್ಚು, ಅಂಗಡಿ ಬೀದಿ ಎಲ್ಲ ಇತ್ತು.

1964ರ ಡಿಸೆಂಬರ್ 22ರ ರಾತ್ರಿ ಅದೆಲ್ಲ ಮುಗಿಯಿತು. ಪಾಂಬನ್‌ನಿಂದ ರಾತ್ರಿ 11.55ಕ್ಕೆ ಹೊರಟ 653 ನಂಬರಿನ ಪ್ಯಾಸೆಂಜರ್ ರೈಲು ಧನುಷ್ಕೋಡಿ ನಿಲ್ದಾಣಕ್ಕೆ ಇನ್ನೇನು ಮುಟ್ಟಬೇಕು ಎನ್ನುವಷ್ಟರಲ್ಲಿ ಚಂಡಮಾರುತದ ಅಲೆ ಬಂದು ಬಡಿಯಿತು. 110 ಪ್ರಯಾಣಿಕರು, ಐದು ಮಂದಿ ರೈಲ್ವೆ ಸಿಬ್ಬಂದಿ. ಒಬ್ಬರೂ ಉಳಿಯಲಿಲ್ಲ. ಟಿಕೆಟ್ ಇಲ್ಲದೆ ಹತ್ತಿದವರ ಲೆಕ್ಕ ಯಾರ ಹತ್ತಿರವೂ ಇಲ್ಲ. ಏಳು ಮೀಟರಿನಷ್ಟು ಎತ್ತರದ ಅಲೆ ಊರಿನ ಮೇಲೆ ಹಾದು ಹೋಯಿತು ಎನ್ನುತ್ತಾರೆ. ಇಲ್ಲಿಯೂ ಸಿಲೋನಿನಲ್ಲಿಯೂ ಸೇರಿ ಸತ್ತವರು 1,800ಕ್ಕೆ ಕಡಿಮೆ ಇಲ್ಲ ಎಂಬುದು ಲೆಕ್ಕ.

ಅದೇ ಚಂಡಮಾರುತ ಪಾಂಬನ್ ರೈಲು ಸೇತುವೆಯ ಗರ್ಡರುಗಳನ್ನೂ ಕಡಲಿಗೆ ಎಸೆದಿತ್ತು. ದುರಸ್ತಿಯ ಹೊಣೆ ಬಂದದ್ದು ಇ. ಶ್ರೀಧರನ್ ಎಂಬ ತರುಣ ಇಂಜಿನಿಯರಿಗೆ. ಮುಂದೆ ನಮ್ಮ ಮಂಗಳೂರಿನ ತನಕ ಕೊಂಕಣ ರೈಲು ತಂದವರು ಇವರೇ. ಮೂರು ತಿಂಗಳ ಗಡುವು ಕೊಟ್ಟಿದ್ದರು. ಅವರು ಮುಗಿಸಿದ್ದು 46 ದಿನಗಳಲ್ಲಿ. ಸೇತುವೆ 46 ದಿನದಲ್ಲಿ ಎದ್ದು ನಿಂತಿತು, ಆದರೆ ಧನುಷ್ಕೋಡಿಯ ರೈಲು ದಾರಿ ಮತ್ತೆ ಬರಲೇ ಇಲ್ಲ. ಈ ಊರು ವಾಸಕ್ಕೆ ಯೋಗ್ಯವಲ್ಲ ಎಂದು ಆಗಿನ ಮದ್ರಾಸ್ ಸರಕಾರ ಘೋಷಿಸಿತು. ಯಾವುದನ್ನು ಎತ್ತಿ ನಿಲ್ಲಿಸಬೇಕು, ಯಾವುದನ್ನು ಕಡಲಿಗೆ ಬಿಡಬೇಕು ಎಂದು ತೀರ್ಮಾನ ಮಾಡುವವರು ಎಲ್ಲ ಕಾಲದಲ್ಲಿಯೂ ಕಡಲಿನಿಂದ ದೂರ ಇರುವವರೇ.

ರಸ್ತೆ ಆದದ್ದು 2017ರಲ್ಲಿ, ಚಂಡಮಾರುತ ಕಳೆದು 53 ವರ್ಷಗಳ ಮೇಲೆ. ಮುಕುಂದರಾಯರ್ ಚತ್ತಿರಂ ಎಂಬಲ್ಲಿಂದ ಹಳೆಯ ಧನುಷ್ಕೋಡಿಗೆ ಐದು ಕಿಲೋಮೀಟರ್, ಅಲ್ಲಿಂದ ಅರಿಚಲ್‌ಮುನೈ ಎಂಬ ತುದಿಗೆ ನಾಲ್ಕೂವರೆ. ಅದಕ್ಕಿಂತ ಮೊದಲು ಚತ್ತಿರಂನಲ್ಲಿ ಡಾಮರು ಮುಗಿಯುತ್ತಿತ್ತು. ಮುಂದಕ್ಕೆ ಮರಳಿನಲ್ಲಿ ಓಡುವ ವ್ಯಾನುಗಳು, ಇಲ್ಲದಿದ್ದರೆ ಕಾಲು. ಈಗ ನಮ್ಮ ಗಾಡಿ ಹದಿನೈದು ನಿಮಿಷದಲ್ಲಿ ಆ ದೂರವನ್ನು ದಾಟಿತು. ಹೋಗುವಾಗ ಎಡಕ್ಕೆ ಪಾಕ್ ಕೊಲ್ಲಿ, ಬಲಕ್ಕೆ ಮನ್ನಾರ್ ಕೊಲ್ಲಿ. ಎಡಗಡೆಯದ್ದು ಕೆರೆಯ ನೀರಿನ ಹಾಗೆ ಸುಮ್ಮನೆ ಇತ್ತು, ಬಲಗಡೆಯದ್ದು ಬಂಡೆಗಳಿಗೆ ಬಡಿಯುತ್ತಿತ್ತು. ಅಲ್ಲಿಯವರು ಎಡದ್ದಕ್ಕೆ 'ಪೆಣ್ ಕಡಲ್', ಬಲದ್ದಕ್ಕೆ 'ಆಣ್ ಕಡಲ್' ಎನ್ನುತ್ತಾರೆ. ಹೆಣ್ಣು ಕಡಲು, ಗಂಡು ಕಡಲು.

ತುದಿಯಲ್ಲಿ ಐದು ನಿಮಿಷ ನಿಂತೆವು. ಜನಜಂಗುಳಿ, ಸೆಲ್ಫಿ, ಐಸ್‌ಕ್ರೀಂ ಗಾಡಿ. ಶ್ರೀಲಂಕಾದ ತಲೈಮನ್ನಾರ್ ಇಲ್ಲಿಂದ 30 ಕಿಲೋಮೀಟರಿಗೂ ಕಡಿಮೆ. ಮೊಬೈಲ್ ಕೂಡ ಕೆಲವೊಮ್ಮೆ ಶ್ರೀಲಂಕಾದ ಸಿಗ್ನಲ್ ಹಿಡಿಯುತ್ತದೆ ಎಂದು ಯಾರೋ ಹೇಳಿದ್ದರಿಂದ ನಮ್ಮ ಡ್ರೈವರ್ ಫೋನ್ ಎತ್ತಿ ಹಿಡಿದುಕೊಂಡು ಸುತ್ತಾಡಿದ. ಅವನಿಗೆ ಯಾವ ದೇಶದ್ದೂ ಸಿಗಲಿಲ್ಲ.

ಹಿಂತಿರುಗುವಾಗ ಹಳೆಯ ಚರ್ಚಿನ ಗೋಡೆಗಳ ಹತ್ತಿರ ಗಾಡಿ ನಿಲ್ಲಿಸಿದೆವು. ಹವಳದ ಕಲ್ಲಿನಲ್ಲಿ ಕಟ್ಟಿದ್ದು, ಮಾಡು ಇಲ್ಲ, ಗೋಡೆಗಳು ಮಾತ್ರ. ಸ್ವಲ್ಪ ದೂರದಲ್ಲಿ ರೈಲು ನಿಲ್ದಾಣದ ಅವಶೇಷ, ನೀರಿನ ಟ್ಯಾಂಕಿನ ಕಂಬಗಳು. ಸುತ್ತ ಚಿಪ್ಪು, ಶಂಖ, ಮುತ್ತಿನ ಸರ ಮಾರುವ ಗುಡಿಸಲಂಗಡಿಗಳು, ಮಸಾಲೆ ಹಚ್ಚಿ ಕಾಯಿಸಿದ ಮೀನಿನ ಅಂಗಡಿಗಳು. ಅಂಗಡಿಗಳ ಹಿಂದಿನಿಂದ ಒಂದು ಕಾಲುದಾರಿ ಮರಳಿಗೆ ಇಳಿಯುತ್ತಿತ್ತು. ಕಾಕ ಮೂಗು ಎತ್ತಿ, "ಆಚೆ ಮೀನು ಒಣಗಿಸಿದ್ದಾರೆ" ಎಂದರು. ಅವರ ಹಿಂದೆ ನಾವೂ ಇಳಿದೆವು.

ಗಂಡು ಕಡಲಿನ ಕಡೆ ಬಲೆ ಎಳೆಯುತ್ತಿದ್ದರು. ದೋಣಿಯಲ್ಲಿ ಬಲೆಯನ್ನು ಅರ್ಧಚಂದ್ರದ ಹಾಗೆ ಬಿಟ್ಟು ಬಂದು, ಎರಡು ತುದಿಯ ಹಗ್ಗಗಳನ್ನು ದಡದಲ್ಲಿ ನಿಂತು ಎರಡು ಸಾಲು ಜನ ಎಳೆಯುವುದು. ಅಲ್ಲಿ ಅದಕ್ಕೆ 'ಕರೈವಲೈ' ಎನ್ನುತ್ತಾರೆ. ನಮ್ಮ ಕಡೆಯ ಕೈರಂಪಣಿಯೇ ಅದು. ನಮ್ಮಲ್ಲಿ ದೊಡ್ಡ ರಂಪಣಿ ಮುಗಿದು ಪರ್ಸಿನ್ ಬಲೆ ಬಂದದ್ದು 1970ರ ದಶಕದ ಕೊನೆಗೆ. ಕೈರಂಪಣಿ ಮಾತ್ರ ಅಲ್ಲಲ್ಲಿ ಉಳಿದಿದೆ. ಕಾಕ ಒಂದು ಮಾತೂ ಆಡದೆ ಚಪ್ಪಲಿ ಕಳಚಿಟ್ಟು, ಲುಂಗಿ ಮೇಲೆ ಕಟ್ಟಿ, ಸಾಲಿನ ಕೊನೆಯಲ್ಲಿ ಹಗ್ಗಕ್ಕೆ ಕೈಹಾಕಿದರು. ಮೊಣಕಾಲು ನೋವು ಎಲ್ಲಿ ಹೋಯಿತೋ ಗೊತ್ತಿಲ್ಲ. ನಾವೂ ಕೈಹಾಕಿದೆವು, ಹತ್ತು ನಿಮಿಷಕ್ಕೆ ಅಂಗೈ ಕೆಂಪಾಯಿತು. ಮುಕ್ಕಾಲು ಗಂಟೆ ಎಳೆದ ಮೇಲೆ ಬಲೆಯ ಚೀಲ ದಡಕ್ಕೆ ಬಂತು. ಇಪ್ಪತ್ತಕ್ಕಿಂತ ಹೆಚ್ಚು ಜನ ಎಳೆದ ಬಲೆಯಲ್ಲಿ ಮೂರು ಬುಟ್ಟಿ ಮೀನು. ಹೆಚ್ಚಿನದ್ದು ಬೆಳ್ಳಿ ಬಿಲ್ಲೆಯಂತೆ ಹೊಳೆಯುವ ಸಣ್ಣ ಮೀನು, ಅವರು 'ಕಾರಲ್' ಎನ್ನುವುದು. ನಾಲ್ಕೈದು ಬೊಂಡಾಸ್, ಒಂದಿಷ್ಟು ಏಡಿ, ಸ್ವಲ್ಪ ಬೂತಾಯಿ. ಬಲೆಯ ಮಾಲಕನಿಗೆ ಅವನ ಪಾಲು, ಉಳಿದದ್ದು ಎಳೆದವರಿಗೆ. ಹಂಚಿದರೆ ಒಬ್ಬೊಬ್ಬರಿಗೆ ಎಷ್ಟು ಬರಬಹುದು ಎಂದು ಕೇಳಲು ನಮಗೆ ಬಾಯಿ ಬರಲಿಲ್ಲ.

ಸಾಲಿನಲ್ಲಿ ನಮ್ಮ ಮುಂದೆ ನಿಂತಿದ್ದವರಿಗೆ ಐವತ್ತರ ಹತ್ತಿರದ ಪ್ರಾಯ. "ವಾಂಗ ಬಾಯ್, ಎಂದ ಊರು?" ಎಂದು ಕೇಳಿದರು. ತಮಿಳುನಾಡಿನಲ್ಲಿ ಟೊಪ್ಪಿ ಕಂಡರೆ 'ಬಾಯ್' ಎಂದೇ ಕರೆಯುವುದು, ಅದರಲ್ಲಿ ಪ್ರೀತಿಯೇ ಇದೆ. ಮಂಗಳೂರು ಎಂದಾಗ ಅವರು ಹಗ್ಗ ಬಿಟ್ಟು ನಕ್ಕರು. ಆಮೇಲೆ ಕನ್ನಡದಲ್ಲಿಯೇ, "ಬಂದರ್, ದಕ್ಕೆ, ಐಸ್ ಪ್ಲಾಂಟ್... ಬಂಗುಡೆ ಉಂಟಾ?" ಎಂದರು. ಆರು ವರ್ಷ ಮಂಗಳೂರಿನ ಟ್ರಾಲ್ ಬೋಟಿನಲ್ಲಿ ಕೆಲಸ ಮಾಡಿದ್ದರಂತೆ. ನಮ್ಮ ದಕ್ಕೆಯ ಬೋಟುಗಳಲ್ಲಿ ಬಲೆ ಎಳೆಯುವವರಲ್ಲಿ ತಮಿಳುನಾಡಿನವರು, ಆಂಧ್ರದವರು, ಒಡಿಶಾದವರು ಎಷ್ಟು ಮಂದಿ ಎಂದು ಬಂದರಿನ ಕಡೆ ಹೋಗುವ ಎಲ್ಲರಿಗೂ ಗೊತ್ತು. ನಾವು ತಿನ್ನುವ ಮೀನನ್ನು ಹಿಡಿದ ಕೈಗಳು ಎಲ್ಲಿಯವು ಎಂದು ನಾವು ಕೇಳುವುದಿಲ್ಲ, ಅಷ್ಟೆ. ಕಾಕ ಮತ್ತು ಅವರು ಬೋಟುಗಳ ಹೆಸರು, ತಂಡೇಲರ ಹೆಸರು ಹೇಳಿ ಹೇಳಿ ಒಂದು ಪರಿಚಯ ಹುಡುಕಿಯೇ ಬಿಟ್ಟರು. ಅಲ್ಲಿಂದ ಮೇಲೆ ನಾವು ಅವರ ಮನೆಯ ನೆಂಟರು.

ಮನೆ ಎಂದರೆ ಗಾಳಿಮರದ ಕಂಬ, ತಾಳೆಗರಿಯ ಮಾಡು, ಒಂದು ಬದಿಗೆ ನೀಲಿ ಟಾರ್ಪಲ್. ಮಾಡಿನ ಮೇಲೆ ಪುಸ್ತಕದಷ್ಟು ದೊಡ್ಡ ಸೋಲಾರ್ ತಟ್ಟೆ. ಗುಡಿಸಲುಗಳ ಕಡೆ ಒಂದೇ ಒಂದು ಕರೆಂಟ್ ಕಂಬ ನಮಗೆ ಕಾಣಲಿಲ್ಲ. "ಸೋಲಾರ್ ಬಲ್ಬ್ ರಾತ್ರಿ ಒಂಬತ್ತರ ತನಕ ಉರೀತದೆ, ಮಳೆಗಾಲದಲ್ಲಿ ಏಳಕ್ಕೇ ಹೋಗ್ತದೆ" ಎಂದರು ಮನೆಯಾಕೆ. ಮೊಬೈಲ್ ಚಾರ್ಜ್ ಮಾಡಲು ರಸ್ತೆ ಬದಿಯ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಬ್ಯಾಟರಿ ಉಂಟು. ಮೀನನ್ನು ಮಂಜುಗಡ್ಡೆಯಲ್ಲಿಡಬೇಕಾದರೆ ಐಸ್ ರಾಮೇಶ್ವರದಿಂದ ಬರಬೇಕು. ಐಸ್ ಬರುವುದು ತಡವಾದ ದಿನ ಮೀನು ಮರಳಿಗೆ, ಅಂದರೆ ಒಣಗಿಸಲು.

ನೀರಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಎರಡೂ ಕಡೆ ಉಪ್ಪು ನೀರು ಇರುವ, ಅಗಲ ಒಂದು ಕಿಲೋಮೀಟರ್ ಕೂಡ ಇಲ್ಲದ ಮರಳಿನ ಪಟ್ಟಿಯಲ್ಲಿ ಕುಡಿಯುವ ನೀರು ಎಲ್ಲಿಂದ? ಮನೆಯಾಕೆ ನಮ್ಮನ್ನು ಗುಡಿಸಲಿನ ಹಿಂದೆ ಕರೆದುಕೊಂಡು ಹೋದರು. ಅಲೆ ಬಡಿಯುವ ಜಾಗದಿಂದ ಹೆಚ್ಚು ದೂರ ಏನೂ ಇಲ್ಲ. ಮರಳಿನಲ್ಲಿ ಸೊಂಟದಷ್ಟು ಆಳದ ಹೊಂಡ, ಅದಕ್ಕೆ 'ಊತ್ತು' ಎನ್ನುತ್ತಾರೆ. ತಳದಲ್ಲಿ ಒಂದು ಗೇಣು ತಿಳಿನೀರು. ಆಕೆ ಹೊಂಡಕ್ಕೆ ಇಳಿದು ಗೆರಟೆಯಲ್ಲಿ ಸ್ವಲ್ಪ ಸ್ವಲ್ಪವೇ ಮೊಗೆದು ಕೊಡಪಾನಕ್ಕೆ ಹಾಕಿದರು. ಕುಡಿದು ನೋಡಿದೆವು, ಸಿಹಿ ನೀರು! ಮಳೆಯ ನೀರು ಮರಳಿನಲ್ಲಿ ಇಂಗಿ, ಕೆಳಗಿರುವ ಉಪ್ಪು ನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ಪದರದ ಹಾಗೆ ನಿಲ್ಲುತ್ತದೆ. ಆ ಪದರವನ್ನು ಕಲಕದೆ ತೆಗೆಯಬೇಕು. ಬಾಲ್ದಿ ಹಾಕಿ ರಭಸದಿಂದ ಎತ್ತಿದರೆ, ಇಲ್ಲವೇ ಇನ್ನೂ ಆಳಕ್ಕೆ ತೋಡಿದರೆ ಉಪ್ಪು ಮೇಲೆ ಬಂದು ಆ ಹೊಂಡ ಹಾಳು. ಆಮೇಲೆ ಬೇರೆ ಕಡೆ ತೋಡಬೇಕು. ಒಂದು ಕೊಡಪಾನ ತುಂಬಲು ನಾವು ನೋಡಿದ ಹಾಗೆ ಹತ್ತು ನಿಮಿಷಕ್ಕೂ ಹೆಚ್ಚು ಬೇಕಾಯಿತು. ಬೇಸಗೆಯಲ್ಲಿ ತಳ ಊರುವ ತನಕ ಕಾದು ಕೂರಬೇಕಂತೆ, ಬೆಳಗ್ಗೆ ಮೂರಕ್ಕೆ ಎದ್ದು ಸಾಲು ಹಿಡಿಯುವುದೂ ಉಂಟಂತೆ.

ಅಷ್ಟು ಕಷ್ಟದ ನೀರನ್ನು ಆಕೆ ನಮ್ಮ ಕೈಕಾಲು ತೊಳೆಯಲು ತಂದಿಟ್ಟರು. ಅಸರ್ ನಮಾಝಿನ ಹೊತ್ತು. ನಮ್ಮಲ್ಲಿ ಒಬ್ಬರು, "ಅಮ್ಮಾ, ಅದು ಕುಡಿಯಲಿಕ್ಕೆ ಇರಲಿ, ನಮಗೆ ಕಡಲಿನ ನೀರೇ ಸಾಕು" ಎಂದು ಹೆಣ್ಣು ಕಡಲಿನ ಕಡೆ ನಡೆದರು. ಸಮುದ್ರದ ನೀರಿನಲ್ಲಿ ವುಝೂ ಮಾಡಬಹುದು ಎಂದು ಪ್ರತಿವರ್ಷ ಮಕ್ಕಳಿಗೆ ಪಾಠ ಹೇಳುತ್ತೇವೆ. ಮಾಡಿದ್ದು ಇದೇ ಮೊದಲು. ತುಟಿಯ ಮೇಲೆ ಉಪ್ಪು ಬಹಳ ಹೊತ್ತು ಇತ್ತು. ಮನೆಯಾಕೆ ಒಂದು ಹಳೆಯ ಹಾಯಿಬಟ್ಟೆಯನ್ನು ಕೊಡವಿ ಮರಳಿನ ಮೇಲೆ ಹಾಸಿಕೊಟ್ಟರು.

ಚಹಾ ಕುಡಿಯುತ್ತಾ ಮನೆಯವರು ಹೇಳಿದ ಮಾತುಗಳಿವು. ಈಶಾನ್ಯ ಮಳೆ ಶುರುವಾದರೆ ಹೆಣ್ಣು ಕಡಲು ಕೆರಳುತ್ತದೆ, ಆಗ ದೋಣಿಗಳನ್ನು ಗಂಡು ಕಡಲಿನ ಕಡೆಗೆ ತರುತ್ತಾರೆ. ತೆಂಕಣ ಗಾಳಿ ಜೋರಾದರೆ ಪುನಃ ಆಚೆಗೆ. ಎರಡು ಕಡಲಿನ ನಡುವೆ ಮನೆ ಇರುವುದರ ಲಾಭ ಇದು. ವರ್ಷದ ಯಾವ ತಿಂಗಳಲ್ಲೂ ಒಂದು ಕಡಲಾದರೂ ಅನ್ನ ಕೊಡುತ್ತದೆ. ಸರಕಾರ ವಾಸಕ್ಕೆ ಯೋಗ್ಯವಲ್ಲ ಎಂದ ಮೇಲೂ ಇವರ ಹಿರಿಯರು ತಿರುಗಿ ಬಂದದ್ದು ಯಾಕೆ ಎಂದು ನಾವು ಕೇಳಬೇಕೆಂದಿದ್ದೆವು. ಈ ಮಾತು ಕೇಳಿದ ಮೇಲೆ ಕೇಳಲಿಲ್ಲ. ರಾಮೇಶ್ವರದಲ್ಲಿ ಮನೆ ಕೊಟ್ಟರೆ ದೋಣಿ ಎಲ್ಲಿ ಕಟ್ಟುವುದು, ಬಲೆ ಎಲ್ಲಿ ಒಣಗಿಸುವುದು?

ಆದರೆ ನೆಲ ಅವರದ್ದಲ್ಲ. ಪಟ್ಟಾ ಇಲ್ಲ. ಪಟ್ಟಾ ಇಲ್ಲದವರಿಗೆ ಪಕ್ಕಾ ಮನೆ ಇಲ್ಲ, ಕರೆಂಟ್ ಇಲ್ಲ, ನಳ್ಳಿ ಇಲ್ಲ. ಹಕ್ಕುಪತ್ರ ಎಂಬ ಒಂದು ಕಾಗದದ ತೂಕ ಎಷ್ಟು ಎಂದು ನಮ್ಮ ಬೆಂಗರೆಯವರಿಗೆ ವಿವರಿಸಬೇಕಾಗಿಲ್ಲ. ಇಲ್ಲಿ ಇನ್ನೂ ಒಂದು ತೊಡಕು ಉಂಟು. ಊರನ್ನೇ ವಾಸಕ್ಕೆ ಯೋಗ್ಯವಲ್ಲ ಎಂದ ಮೇಲೆ ಅಲ್ಲಿ ವಾಸ ಮಾಡುವವರಿಗೆ ಕಾಗದ ಕೊಡುವುದು ಹೇಗೆ? ಅದೇ ಊರಿಗೆ ರಾಷ್ಟ್ರೀಯ ಹೆದ್ದಾರಿ ಮಾತ್ರ ಬಂದಿದೆ. 2025ರಲ್ಲಿ ಧನುಷ್ಕೋಡಿಯ ಹಿನ್ನೀರಿಗೆ ಬರುವ ಫ್ಲೆಮಿಂಗೋ ಹಕ್ಕಿಗಳಿಗಾಗಿ ಅಭಯಾರಣ್ಯವೂ ಘೋಷಣೆಯಾಗಿದೆ. ಹಕ್ಕಿಗಳಿಗೆ ಜಾಗ ಬೇಕು, ಬೇಡ ಎನ್ನುವವರು ನಾವಲ್ಲ. ಹಕ್ಕಿಗೆ ಸಿಕ್ಕಿದ ಕಾಗದ ಮನುಷ್ಯನಿಗೂ ಸಿಗಲಿ ಎಂದು ಹೇಳಿದರೆ ತಪ್ಪಾಗಲಾರದು.

ಹಾಗೆಂದು ರಸ್ತೆ ಬಂದದ್ದು ಕೆಟ್ಟದಾಯಿತು ಎಂದು ಅಲ್ಲಿ ಒಬ್ಬರೂ ಹೇಳಲಿಲ್ಲ. ಮನೆಯಾಕೆಯಂತೂ ರಸ್ತೆಯನ್ನು ಹೊಗಳಿ ಮುಗಿಸಲಿಲ್ಲ. ಮೊದಲ ಹೆರಿಗೆಗೆ ಅವರನ್ನು ಮೀನಿನ ವ್ಯಾನಿನಲ್ಲಿ, ಮರಳಿನಲ್ಲಿ ಕುಲುಕುತ್ತಾ ಚತ್ತಿರಂ ತನಕ ಕರೆದುಕೊಂಡು ಹೋದರಂತೆ. ಈಗ ಫೋನ್ ಮಾಡಿದರೆ ಆಂಬುಲೆನ್ಸ್ ಬರುತ್ತದೆ, ಸರಕಾರಿ ಬಸ್ ಬರುತ್ತದೆ. ಮಕ್ಕಳು ಹೈಸ್ಕೂಲಿಗೆ ರಾಮೇಶ್ವರಕ್ಕೆ ಹೋಗಿ ಬರಬಹುದು. ಊರಲ್ಲಿ ಸರಕಾರಿ ಶಾಲೆಯೊಂದು ಇದೆ. ಅಲ್ಲಿ ಓದುವ ಏಳೆಂಟು ಮಕ್ಕಳು ನಮ್ಮ ಸುತ್ತ ನೆರೆದಿದ್ದರು. ಪಾಠ ಮಾಡುವವರ ಅಭ್ಯಾಸ, ಮಗ್ಗಿ ಕೇಳಿದೆವು. ಒಬ್ಬಳು ಹುಡುಗಿ ಹದಿನೇಳರ ಮಗ್ಗಿಯನ್ನು ತಮಿಳಿನಲ್ಲಿ ನಿಲ್ಲಿಸದೆ ಹೇಳಿ, ಆಮೇಲೆ ನಮ್ಮನ್ನೇ ಹತ್ತೊಂಬತ್ತರದ್ದು ಕೇಳಿದಳು. ನಮ್ಮಲ್ಲಿ ಹಿರಿಯ ಉಸ್ತಾದರು ಹತ್ತೊಂಬತ್ತು ಏಳಲಿಯ ತನಕ ಹೋಗಿ, ನೀರು ಕುಡಿಯಲು ನಿಂತರು. ಮಕ್ಕಳಿಗೆ ಅದಕ್ಕಿಂತ ದೊಡ್ಡ ತಮಾಷೆ ಬೇಕಿರಲಿಲ್ಲ.

ಗಡಿಯ ಸುದ್ದಿ ಬಂದಾಗ ಮನೆಯವರ ದನಿ ತಗ್ಗಿತು. ಭಾರತ ಮತ್ತು ಶ್ರೀಲಂಕಾ ನಡುವೆ ಕಡಲಿನಲ್ಲಿ ಗಡಿ ಗುರುತಿಸಿದ್ದು 1974ರ ಮತ್ತು 1976ರ ಒಪ್ಪಂದಗಳಲ್ಲಿ. ಕಚ್ಚತೀವು ದ್ವೀಪ ಆಚೆಗೆ ಹೋದದ್ದು ಆಗಲೇ. ಅಲ್ಲಿಯ ತನಕ ಎರಡು ಕಡೆಯ ತಮಿಳು ಮೀನುಗಾರರಿಗೂ ಅದು ಒಂದೇ ಕಡಲು. ಈಗ ಗೆರೆ ದಾಟಿದರೆ ಶ್ರೀಲಂಕಾ ನೌಕಾಪಡೆ ಹಿಡಿಯುತ್ತದೆ. ಜೈಲು, ದಂಡ, ಬೋಟು ಜಪ್ತಿ. ಮನುಷ್ಯ ಕೆಲವು ತಿಂಗಳಲ್ಲಿ ಬಿಟ್ಟು ಬರಬಹುದು, ಬೋಟು ಬರುವುದು ಕಷ್ಟ. "ನೀರಿನ ಮೇಲೆ ಗೆರೆ ಕಾಣ್ತದಾ ಬಾಯ್?" ಎಂದು ಅವರು ಕೇಳಿದರು. ಇಂಜಿನ್ ಕೆಟ್ಟರೆ, ರಾತ್ರಿ ನೀರಿನ ಸೆಳೆತಕ್ಕೆ ಸಿಕ್ಕಿದರೆ ಸಣ್ಣ ಫೈಬರ್ ದೋಣಿ ತಾನಾಗಿಯೇ ಆಚೆ ಹೋಗುತ್ತದೆ.

ಇದರಲ್ಲಿ ಇನ್ನೊಂದು ಮುಖವೂ ಇದೆ, ಅದನ್ನು ಅವರೇ ಹೇಳಿದರು. ಗೆರೆ ದಾಟುವವರಲ್ಲಿ ಹೆಚ್ಚಿನವು ದೊಡ್ಡ ಟ್ರಾಲ್ ಬೋಟುಗಳು. ಈಚೆ ತಳ ಗುಡಿಸಿ ಗುಡಿಸಿ ಮೀನು ಮುಗಿಯಿತು, ಹಾಗಾಗಿ ಆಚೆ ಹೋಗುತ್ತಾರೆ. ಅಲ್ಲಿ ಯುದ್ಧದ ಮೂವತ್ತು ವರ್ಷ ಕಡಲಿಗೆ ಇಳಿಯಲಾಗದೆ ಸೋತವರು ಜಾಫ್ನಾ, ಮನ್ನಾರಿನ ಬಡ ಮೀನುಗಾರರು. ಅವರ ಬಲೆಗಳು ಈ ಟ್ರಾಲ್ ಬೋಟುಗಳಿಗೆ ಸಿಕ್ಕಿ ಹರಿಯುತ್ತವೆ. ಶ್ರೀಲಂಕಾ 2017ರಲ್ಲಿ ತಳ ಎಳೆಯುವ ಮೀನುಗಾರಿಕೆಯನ್ನೇ ನಿಷೇಧಿಸಿತು. ರಾಮೇಶ್ವರ ಕಡೆಯಲ್ಲಿ ವಾರದ ಮೂರು ದಿನ ಟ್ರಾಲ್ ಬೋಟುಗಳಿಗೆ, ನಾಲ್ಕು ದಿನ ನಾಡದೋಣಿಗಳಿಗೆ ಎಂದು ಪಾಲು ಮಾಡಿಕೊಂಡಿದ್ದಾರೆ. ಮೀನಿಗೆ ಮಾತ್ರ ವಾರದಲ್ಲಿ ರಜೆ ಇಲ್ಲ ಎಂದು ಕಾಕ ನಕ್ಕರು. ನಮ್ಮ ಕಡಲಿನಲ್ಲಿ ಬೂತಾಯಿ ಕಾಣೆಯಾದ ವರ್ಷಗಳು ಅವರಿಗೆ ನೆನಪಾಗಿರಬೇಕು.

ಕಾಕ ಇನ್ನೊಂದು ವಿಷಯವನ್ನೂ ಗಮನಿಸಿದ್ದರು. ಅಲೆಯ ಬಾಯಿಗೂ ಗುಡಿಸಲಿಗೂ ಇರುವ ದೂರವನ್ನು ಅವರು ಹೆಜ್ಜೆ ಹಾಕಿ ಅಳೆದಿದ್ದರು. ಕೈಕೋ, ಮುಕ್ಕಚ್ಚೇರಿ, ಸೀಗ್ರೌಂಡ್ ಕಡೆಯಲ್ಲಿ ಪ್ರತಿ ಮಳೆಗಾಲ ಕಡಲ್ಕೊರೆತ ನೋಡಿ ಬೆಳೆದವರ ಕಣ್ಣು ಅದು. ಉಚ್ಚಿಲದ ಬಟ್ಟಪ್ಪಾಡಿಯಲ್ಲಿ ಡಾಮರು ರಸ್ತೆಯೇ ಕಡಲಿಗೆ ಹೋದದ್ದನ್ನು ನಮ್ಮಲ್ಲಿ ಎಲ್ಲರೂ ನೋಡಿದ್ದೇವೆ. ಇಲ್ಲಿ ಕಲ್ಲು ಹಾಕಿರುವುದು ರಸ್ತೆಯನ್ನು ಉಳಿಸಲು. ಗುಡಿಸಲುಗಳು ಕಲ್ಲಿನ ಹೊರಗೆ ಇವೆ. "ದೊಡ್ಡ ಗಾಳಿ ಬಂದರೆ ಎಂತ ಮಾಡ್ತೀರಿ?" ಎಂದು ಕಾಕ ಕೇಳಿದರು. "ಪೊಲೀಸಿನವರು ಮೈಕಿನಲ್ಲಿ ಹೇಳ್ತಾರೆ, ಬಸ್ಸು ಹತ್ತಿ ರಾಮೇಶ್ವರಕ್ಕೆ ಹೋಗ್ತೇವೆ. ಗಾಳಿ ನಿಂತ ಮೇಲೆ ಬಂದು ಪುನಃ ಮನೆ ಕಟ್ತೇವೆ" ಎಂದರು ಮನೆಯವರು. ಎಷ್ಟು ಸಲ ಕಟ್ಟಿದ್ದೀರಿ ಎಂದಾಗ ಅವರು ಹೆಂಡತಿಯ ಮುಖ ನೋಡಿದರು. ಆಕೆ ಬೆರಳು ಮಡಚಿ ಎಣಿಸಲು ಶುರುಮಾಡಿ, ನಡುವೆ ಬಿಟ್ಟರು.

ಕತ್ತಲೆಗೆ ಮೊದಲು ಪ್ರವಾಸಿಗರೆಲ್ಲ ಹೊರಗೆ ಹೋಗಬೇಕು ಎಂಬ ನಿಯಮ ಅಲ್ಲಿದೆ. ಪೊಲೀಸ್ ಜೀಪು ರಸ್ತೆಯಲ್ಲಿ ಸೀಟಿ ಊದುತ್ತಾ ಬಂತು. ಹೋಗುವವರಿಗೆ ಒಂದು ಸೂಚನೆ: ಮಧ್ಯಾಹ್ನಕ್ಕೆ ಮೊದಲೇ ಹೊರಟರೆ ಒಳ್ಳೆಯದು. ಕುಡಿಯುವ ನೀರು ನಿಮ್ಮ ಗಾಡಿಯಲ್ಲೇ ಇರಲಿ, ಆ ಊರಿನ ಹೊಂಡಗಳ ಮೇಲೆ ನಿಮ್ಮ ಬಾಯಾರಿಕೆಯನ್ನು ಹಾಕಬೇಡಿ. ಖಾಲಿ ಬಾಟಲಿಗಳನ್ನು ಗಾಡಿಯಲ್ಲೇ ವಾಪಸ್ ತನ್ನಿ. ಚಿಪ್ಪಿನ ಸರಕ್ಕೆ ಚೌಕಾಸಿ ಮಾಡುವುದಾದರೆ ಮಾಡಿ, ಆದರೆ ಸ್ವಲ್ಪ ಮರ್ಯಾದೆಯಲ್ಲಿ.

ಹೊರಡುವಾಗ ಮನೆಯವರು ಕಾಕನನ್ನು ಬದಿಗೆ ಕರೆದು ಒಂದು ಚೀಟಿ ಕೊಟ್ಟರು. ಅದರಲ್ಲಿ ಮಗನ ಫೋನ್ ನಂಬರ್. ಹುಡುಗನಿಗೆ ಹತ್ತೊಂಬತ್ತು, ಪ್ಲಸ್ ಟೂ ಪಾಸು, ಈಗ ಅಪ್ಪನ ದೋಣಿಯಲ್ಲೇ ಇದ್ದಾನೆ. ಅಪ್ಪನಿಗೆ ಅದು ಸಾಕಾಗಿದೆ. ಅವರ ಕಡೆಯಲ್ಲಿ ಯಾಂತ್ರಿಕ ಬೋಟುಗಳಿಗೆ ನಿಷೇಧ ಎಪ್ರಿಲ್ 15ರಿಂದ ಜೂನ್ 14, ನಮ್ಮಲ್ಲಿ ಜೂನ್ 1ರಿಂದ ಜುಲೈ 31. ಆಗಸ್ಟಿನಲ್ಲಿ ಮಂಗಳೂರಿನ ಬೋಟುಗಳು ಇಳಿಯುವಾಗ ಒಂದು ಜಾಗ ಇದ್ದರೆ ಹೇಳಿ, ಬಲೆಯ ಕೆಲಸ ಎಲ್ಲ ಗೊತ್ತುಂಟು, ಮಂಗಳೂರಿನ ಕಡಲಿನಲ್ಲಿ ಗೆರೆ ಇಲ್ಲವಲ್ಲ ಎಂದರಂತೆ.

ಊರಿಗೆ ಬಂದ ಮರುದಿನವೇ ಕಾಕ ದಕ್ಕೆಗೆ ಹೋಗಿ ಆ ನಂಬರನ್ನು ಪರಿಚಯದ ಬೋಟು ಮಾಲಕರೊಬ್ಬರಿಗೆ ಕೊಟ್ಟಿದ್ದಾರೆ. ಹುಡುಗ ಜುಲೈ ಕೊನೆಗೆ ಬರಲಿ, ನೋಡುವ ಎಂದಿದ್ದಾರಂತೆ. ಉಳಿಯಲು ಜಾಗದ ವ್ಯವಸ್ಥೆ ಆಗಬೇಕು. ಅದು ಆಗುವ ತನಕ ತನ್ನ ಅಂಗಡಿಯ ಹಿಂದಿನ ಕೋಣೆ ಇದೆ ಎಂದು ಕಾಕ ಹುಡುಗನಿಗೆ ಫೋನ್ ಮಾಡಿ ಹೇಳಿದ್ದಾರೆ. ಎರಡು ಸಲ ಲೈನ್ ಸಿಗಲಿಲ್ಲ, ಮೂರನೆಯ ಸಲ ಸಿಕ್ಕಿತು. ಅಂಗಡಿಯಲ್ಲಿ ಚಾರ್ಜಿಗೆ ಇಟ್ಟಿದ್ದನಂತೆ.